ಗಾಡಿ ಇಲ್ಲ, ಡೀಸೆಲ್ ಇಲ್ಲ... ಗೆಜ್ಜೆ ಮಾತ್ರ ಇದೆ!

"ಪರಿಸರ ಕೆಡಿಸದೆ ಊರೂರು ಸುತ್ತಿ ಕುಣಿಯೋ ಬ್ಯಾಂಡು ನಮ್ಮಲ್ಲಿ ಯಾವುದಾದರೂ ಇದೆಯೇನಯ್ಯಾ? ಇದ್ದರೆ ಹಿಡಿದುಕೊಂಡು ಬಾ" ಎಂದರು ಸಂಪಾದಕರು.

ಅವರ ತಲೆಯಲ್ಲಿದ್ದದ್ದು ಕೋಲ್ಡ್‌ಪ್ಲೇ. 2025ರ ಜನವರಿಯಲ್ಲಿ ನವಿ ಮುಂಬಯಿ, ಅಹಮದಾಬಾದಿನಲ್ಲಿ ಹಾಡಿ ಹೋದ ಇಂಗ್ಲೆಂಡಿನ ತಂಡ, ಗೊತ್ತಲ್ಲ? ಪರಿಸರಕ್ಕೆ ಹಾನಿಯಾಗದ ದಾರಿ ಸಿಗುವ ತನಕ ಪ್ರವಾಸವೇ ಬೇಡ ಎಂದು 2019ರಲ್ಲಿ ಕೂತುಬಿಟ್ಟವರು, 2022ರ ಮಾರ್ಚಿಯಲ್ಲಿ ಕೋಸ್ಟರಿಕಾದಿಂದ ಮತ್ತೆ ಹೊರಟರು. ಪ್ರೇಕ್ಷಕರು ಕುಣಿದರೆ ನೆಲದಿಂದ ಕರೆಂಟು! ಸೈಕಲ್ ತುಳಿದರೂ ಕರೆಂಟು! 2016-17ರ ಪ್ರವಾಸಕ್ಕಿಂತ ಪ್ರತಿ ಪ್ರದರ್ಶನದ ಹೊಗೆ ನೂರಕ್ಕೆ 59ರಷ್ಟು ಇಳಿದಿದೆ ಎಂದು 2024ರಲ್ಲಿ ಅವರೇ ಲೆಕ್ಕ ಕೊಟ್ಟರು. (ಹಾಡು ಕೇಳಲು ವಿಮಾನ ಹತ್ತಿ ಬಂದವರ ಹೊಗೆ ಆ ಲೆಕ್ಕದಲ್ಲಿಲ್ಲ, ಬಿಡಿ!)

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಹೊಗೆಯ ಲೆಕ್ಕ ಬಾರದು, ಬಸ್ ಟಿಕೆಟಿನ ಲೆಕ್ಕ ಚೆನ್ನಾಗಿ ಬರುತ್ತದೆ. ಶೃಂಗೇರಿಯಿಂದ ಬೇಗಾರಿಗೆ ಟಿಕೆಟ್ ತೆಗೆಸಿದೆ.

ಚಿತ್ರರಸಿಕರಿಗೆ ಬೇಗಾರು ಹೊಸ ಹೆಸರಲ್ಲ. 2023ರಲ್ಲಿ ತೆರೆಕಂಡ 'ಜಲಪಾತ'ದ ನಿರ್ದೇಶಕ ರಮೇಶ್ ಬೇಗಾರ್ ಅವರ ಹೆಸರಿನ ಬಾಲದಲ್ಲಿರುವುದು ಇದೇ ಊರು. ಅದೂ ಮಲೆನಾಡಿನ ಪರಿಸರದ ಕಥೆಯೇ. ಆದರೆ ನಾನು ಹುಡುಕಿ ಹೊರಟದ್ದು ಕ್ಯಾಮೆರಾ ಕಾಣದ ತಾರೆಯರನ್ನು!

ದೀಪಾವಳಿಯ ಹೊತ್ತಿಗೆ ಹೊರಡುವ ಯಕ್ಷಗಾನದ ದೊಡ್ಡ ಮೇಳಗಳು ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಕಲಾವಿದ ಏನು ತಿನ್ನಬೇಕು? ಅಲ್ಲಿ ಹುಟ್ಟಿದ್ದು ಚಿಕ್ಕ ಮೇಳ. ಒಬ್ಬ ಭಾಗವತ, ಮದ್ದಳೆ, ಚಂಡೆ, ಎರಡು ವೇಷ. ಸಂಜೆ ಹೊತ್ತಿಗೆ ಮನೆಮನೆಗೆ ಹೋಗಿ ಕಾಲು ಗಂಟೆ, ಇಪ್ಪತ್ತು ನಿಮಿಷ ಕುಣಿಯುವುದು. ಮನೆಯವರು ದೀಪ ಹಚ್ಚಿ, ಅಕ್ಕಿ ಕಾಯಿ ಇಟ್ಟು, ಕೈಲಾದಷ್ಟು ದುಡ್ಡು ಕೊಡುವುದು. ಈಗೀಗ ಬಹಳಷ್ಟು ತಂಡಗಳು ಆಟೋದಲ್ಲೋ ವ್ಯಾನಿನಲ್ಲೋ ಸುತ್ತುತ್ತವೆ. ನಾನು ಕಂಡ ತಂಡ ಮಾತ್ರ ನಡೆದೇ ಬಂತು.

ಜಡಿಮಳೆ! ಆಗುಂಬೆ ಪಕ್ಕದ ಮಳೆಯೆಂದರೆ ಕೇಳಬೇಕೆ? ಅಡಿಕೆ ತೋಟದ ಏರಿ ಮೇಲೆ ಒಂದು ಟಾರ್ಚು, ಹಿಂದೆ ಐದು ಛತ್ರಿ. ಜಗಲಿ ಹತ್ತಿದವರೇ ಮೊದಲು ಕಾಲಿನ ಉಂಬಳ ಕಿತ್ತರು, ಆಮೇಲೆ ಗೆಜ್ಜೆ ಕಟ್ಟಿದರು.

"ಪರಿಸರ ಉಳಿಸೋಕೆ ನಡೀತೀರಾ ಭಾಗವತರೇ?" ಎಂದೆ.

ಮುದುಕರು ನಕ್ಕರು. "ಪರಿಸರವಾ? ಮೊದ್ಲು ನಾವು ಉಳೀಬೇಕಲ್ಲ ಮಾರಾಯ್ರೆ! ಹೋದ ವರ್ಷ ವ್ಯಾನು ಮಾಡಿದ್ವು. ಬಾಡಿಗೆ, ಡೀಸೆಲ್ ಕಳೆದು ಮನೆಗೆ ಹೋಗುವಾಗ ಕೈಯಲ್ಲಿ ಉಳಿದದ್ದು ತೆಂಗಿನಕಾಯಿ!"

ಹಾಗಾಗಿ ಈ ಸಲ ಹೊಸ ಉಪಾಯ. ಒಂದು ಊರಲ್ಲಿ ಯಾರದಾದರೂ ಮನೆ ಅಟ್ಟದಲ್ಲಿ ವಾರ ಬೀಡು. ಸುತ್ತಲ ಮನೆಗಳಿಗೆ ಕಾಲ್ನಡಿಗೆ. ಮುಗಿದ ಮೇಲೆ ಚಂಡೆ, ಮದ್ದಳೆ ಹೊತ್ತು ಲೈನ್ ಬಸ್ಸು. ಆ ಬಸ್ಸಾದರೂ ಎಲ್ಲಿದೆ? 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತೇಹೋಯಿತು. ಅದು ಹೋದಮೇಲೆ ಒಳಊರುಗಳ ಪಾಡು ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಹಿಡಿದು ಕಾಯುತ್ತಿರುವ ನಿಮಗೇ ಗೊತ್ತು.

ಪದ ಶುರುವಾಯಿತು. ಅರ್ಧದಲ್ಲಿ ಕರೆಂಟು ಹೋಯಿತು. ಯಾರಾದರೂ ನಿಲ್ಲಿಸಿದರೇ? ಊಹೂಂ! ಮೈಕೇ ಇಲ್ಲದವರಿಗೆ ಕರೆಂಟಿನ ಹಂಗೇನು? ಮನೆಯಮ್ಮ ಲಾಟೀನು ತಂದಿಟ್ಟರು. ಆ ಮಂದ ಬೆಳಕಿನಲ್ಲಿ ಸ್ತ್ರೀವೇಷದ ಹುಡುಗನ ಕಣ್ಣು, ಕೊರಳು, ಬೆರಳು ಮೂರೂ ಒಟ್ಟಿಗೆ ತಿರುಗಿದವು ನೋಡಿ... ಕ್ಲೋಸಪ್ಪಿಲ್ಲ, ರೀಟೇಕಿಲ್ಲ, ನಾಲ್ಕು ಹೆಜ್ಜೆ ಅಗಲದ ಜಗಲಿಯಲ್ಲಿ ಕಂಬಕ್ಕೆ ತಾಗದಂತೆ ಸುತ್ತಿದ. ನಮ್ಮ ಎಷ್ಟೋ ನಾಯಕಿಯರು ಕಲಿಯಬಹುದಾದ ಪಾಠ! (ಬೈಯಬೇಡಿ.)

ಆಟ ಮುಗಿದಾಗ ಸೀರೆಯ ಅಂಚು ತೊಪ್ಪೆ. ಒಣಗಿಸುವುದು ಎಲ್ಲಿ? ಬೀಡಿನ ಮನೆಯ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ದಾರಂತೆ. ಒಲೆಗೆ ಅಡಿಕೆ ಸಿಪ್ಪೆ. "ಬಟ್ಟೆ ಒಣಗುತ್ತೆ ಸಾರ್, ಆದ್ರೆ ಎಲ್ಲ ವೇಷಕ್ಕೂ ಹೊಗೆ ವಾಸನೆ" ಎಂದ ಹುಡುಗ.

ಅವನಿಗೆ ಇಪ್ಪತ್ತೆರಡು. ಬೆಂಗಳೂರಿನ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಸಂಬಳ. ಸೋಮವಾರದೊಳಗೆ ಹೂಂ ಅನ್ನಬೇಕು. ಈ ವಿಷಯ ಭಾಗವತರಿಗೆ ಗೊತ್ತಿಲ್ಲ.

"ನೀನು ಹೋದರೆ?"

"ಸ್ತ್ರೀವೇಷ ಇಲ್ದೆ ಮೇಳ ಎಂತದು ಸಾರ್? ಈ ಮಳೆಗಾಲದ ಅವರೆಲ್ಲರ ಊಟ ಹೋಯ್ತು."

"ಹೋಗದಿದ್ದರೆ?"

ಅವನು ಗೆಜ್ಜೆ ಬಿಚ್ಚಿ ಚೀಲಕ್ಕೆ ಹಾಕಿದ. ಮುಂದಿನ ಮನೆ ಹಳ್ಳದಾಚೆ, ಸಂಕ ದಾಟಬೇಕು. ಮಾತಾಡುತ್ತ ನನ್ನ ಕೊನೇ ಬಸ್ಸು ತಪ್ಪಿತ್ತು. ಚಂಡೆಯವರು ಏನೂ ಕೇಳದೆ ಒಂದು ಚೀಲ ನನ್ನ ಹೆಗಲಿಗೇರಿಸಿದರು. ಆ ರಾತ್ರಿ ಇನ್ನೂ ಮೂರು ಮನೆ ನಡೆದೆ. ನನ್ನ ಪಾಲಿಗೆ ಒಂದು ತೆಂಗಿನಕಾಯಿ, ಎಡಗಾಲಿಗೆ ನಾಲ್ಕು ಉಂಬಳ.

ಹುಡುಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ. ಸಂಕದ ಮೇಲೆ ಒಮ್ಮೆ ತೆಗೆದು ನೋಡಿದ. ನೆಟ್‌ವರ್ಕ್ ಇರಲಿಲ್ಲ. ಮತ್ತೆ ಸುತ್ತಿಟ್ಟ.