ಪ್ಯಾನ್ ಆಳವಾದರಷ್ಟೇ ಸಾಲದು, ಫಿಲ್ಟರೂ ಇಳಿಯಬೇಕು

ಮಿಯಾಪುರ: ಹಬ್ಬ ಬಂತೆಂದರೆ ಇಲ್ಲಿನ ಕನ್ನಡಿಗರ ಕಾರುಗಳು ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಜಹೀರಾಬಾದ್ ದಾಟಿ ಬೀದರ್, ಕಲಬುರಗಿಯತ್ತ ಹೊರಡುತ್ತವೆ. ಅವುಗಳಲ್ಲಿ ಆಟೊಮ್ಯಾಟಿಕ್ ಕಾರುಗಳೂ ಇವೆ. ಸಿಗ್ನಲ್ ಬಿಟ್ಟೊಡನೆ ಆಕ್ಸಿಲರೇಟರ್ ಪೂರ್ತಿ ಒತ್ತುವವರು ಗೇರ್‌ಬಾಕ್ಸ್ ತಳದ ಎಣ್ಣೆ ಪಾತ್ರೆ, ಅಂದರೆ ‘ಪ್ಯಾನ್’ ಬಗ್ಗೆ ತಿಳಿದಿರುವುದು ಒಳ್ಳೆಯದು.

ಟಾರ್ಕ್ ಕನ್ವರ್ಟರ್ ಇರುವ ಕಾರು ಒಮ್ಮೆಲೇ ಮುನ್ನುಗ್ಗಿದಾಗ ಎಣ್ಣೆ ಪ್ಯಾನಿನ ಹಿಂಭಾಗಕ್ಕೆ ಸರಿಯುತ್ತದೆ. ಫಿಲ್ಟರಿನ ಬಾಯಿ ಬರಿದಾದರೆ ಪಂಪು ಗಾಳಿ ಹೀರುತ್ತದೆ. ಒತ್ತಡ ಕುಸಿದು ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಡ್ರ್ಯಾಗ್ ರೇಸಿನವರು ಆಳವಾದ ಅಲ್ಯೂಮಿನಿಯಂ ಪ್ಯಾನ್ ಹಾಕಿಸುವುದು ಇದಕ್ಕಾಗಿಯೇ. ಆದರೆ ಪ್ಯಾನ್ ಆಳವಾದಷ್ಟೂ ಫಿಲ್ಟರಿನ ಬಾಯಿ ಕೆಳಗಿಳಿಯಬೇಕು. ಇಲ್ಲವಾದರೆ ತಳದ ಎಣ್ಣೆ ಅದಕ್ಕೆ ಎಟುಕದು, ಖರ್ಚಷ್ಟೇ ಉಳಿಯುತ್ತದೆ.

ಆಳದ ಪ್ಯಾನ್ ರಸ್ತೆಯುಬ್ಬಿಗೆ ತಗುಲುವ ಭಯವೂ ಉಂಟು. ನಿತ್ಯದ ಓಡಾಟಕ್ಕೆ ಕಂಪನಿ ಸೂಚಿಸಿದ ಎಣ್ಣೆ, ಹೊಸ ಫಿಲ್ಟರ್, ಗ್ಯಾಸ್ಕೆಟ್ ಮತ್ತು ಹಗುರವಾದ ಕಾಲು ಸಾಕು.

ಪ್ಯಾನ್ ಬಿಚ್ಚಿಸಿದಾಗ ಒಳಗಿನ ಅಯಸ್ಕಾಂತವನ್ನು ನೀವೇ ನೋಡಿ. ನುಣುಪಾದ ಬೂದು ಕೆಸರು ಸ್ವಲ್ಪ ಇರುವುದು ಸಹಜ. ಲೋಹದ ಚೂರುಗಳಿದ್ದರೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹೊಸ ಪ್ಯಾನಿನಿಂದ ಪ್ರಯೋಜನವಿಲ್ಲ. ಊರಿಗೆ ಹೊರಡುವ ಮುನ್ನವೇ ಗೇರ್‌ಬಾಕ್ಸ್ ತೋರಿಸುವುದು ಲೇಸು.