ತಲೆಯ ಗರಿ ಮಾತ್ರ ಉಳಿದ ಗಿಣಿ

ಆಫ್ರಿಕನ್ ಗ್ರೇ ಗಿಣಿಯೊಂದು ಪಂಜರದಲ್ಲಿ ಕೂತಿದೆ. ತಲೆಯ ಬೂದು ಗರಿಗಳು ಒಪ್ಪವಾಗಿವೆ. ಕುತ್ತಿಗೆಯಿಂದ ಕೆಳಗೆ ಎದೆ, ತೊಡೆ, ರೆಕ್ಕೆಯ ಒಳಭಾಗವೆಲ್ಲ ಬೋಳು. ಅಲ್ಲಲ್ಲಿ ಬಿಳಿ ತುಪ್ಪಳ ಅಂಟಿಕೊಂಡಿದೆ. ಪಂಜರದ ತಟ್ಟೆಯಲ್ಲಿ ಬುಡ ಜಗಿದ ಗರಿಗಳು ಬಿದ್ದಿವೆ.

ಅನುಭವವಿರುವ ಪಶುವೈದ್ಯರಿಗೆ ಇಷ್ಟರಲ್ಲೇ ಒಂದು ಸುಳಿವು ಸಿಗುತ್ತದೆ. ಗಿಣಿಯ ಕೊಕ್ಕಿಗೆ ಎಟುಕದ ಜಾಗವೆಂದರೆ ಅದರ ತಲೆ. ಅಲ್ಲಿ ಗರಿ ಸರಿಯಾಗಿದ್ದು ಮಿಕ್ಕೆಡೆ ಇಲ್ಲವೆಂದರೆ ಕಿತ್ತದ್ದು ಗಿಣಿಯೇ. ತಲೆಯೂ ಬೋಳಾಗಿದ್ದರೆ ಜೊತೆಯ ಹಕ್ಕಿ ಕಿತ್ತಿರಬಹುದು, ಇಲ್ಲವೇ ಕೊಕ್ಕು ಮತ್ತು ಗರಿಯನ್ನು ಹಾಳುಮಾಡುವ ಸರ್ಕೋವೈರಸ್ ತಗುಲಿರಬಹುದು.

ಗಿಣಿಗೆ ಬೇಜಾರಾಗಿದೆ, ಆಟಿಕೆ ತಂದರೆ ಸರಿಹೋಗುತ್ತದೆ ಎಂದು ಮನೆಯವರು ಮೊದಲು ಅಂಗಡಿಗೆ ಹೋಗುತ್ತಾರೆ. ಮೊದಲು ಹೋಗಬೇಕಾದದ್ದು ಹಕ್ಕಿಗಳನ್ನು ಬಲ್ಲ ವೈದ್ಯರ ಬಳಿಗೆ. ಚರ್ಮದ ಸೋಂಕು, ಯಕೃತ್ತಿನ ಕಾಯಿಲೆ, ಸತು ಲೇಪಿಸಿದ ತಂತಿಯನ್ನು ಕಡಿದು ದೇಹಕ್ಕೆ ಸೇರಿದ ವಿಷ, ಬರೀ ಸೂರ್ಯಕಾಂತಿ ಬೀಜ ತಿಂದು ಉಂಟಾದ ವಿಟಮಿನ್ ಎ ಕೊರತೆ, ಇವುಗಳಲ್ಲಿ ಯಾವುದಿದ್ದರೂ ಹಕ್ಕಿ ತನ್ನ ಗರಿಗೇ ಕೊಕ್ಕು ಹಾಕಬಹುದು. ಸಿಗರೇಟು, ಸೊಳ್ಳೆಬತ್ತಿ, ಊದುಬತ್ತಿಯ ಹೊಗೆ ಆಡುವ ಕೋಣೆಯಲ್ಲಿ ಪಂಜರ ಇರಲೇಬಾರದು. ರಕ್ತಪರೀಕ್ಷೆ, ಹಿಕ್ಕೆಯ ಪರೀಕ್ಷೆ, ಬೇಕಿದ್ದರೆ ಎಕ್ಸ್‌ರೇ ಆದ ಮೇಲಷ್ಟೇ ಇದು ಮನಸ್ಸಿನ ತೊಂದರೆಯೇ ಎಂಬ ವಿಚಾರ ಬರಬೇಕು.

ಬಹಳ ಗಿಣಿಗಳಲ್ಲಿ ಅದೂ ಇರುತ್ತದೆ. ಗಿಣಿ ಗುಂಪಿನಲ್ಲಿ ಬಾಳುವ ಪ್ರಾಣಿ. ಕಾಡಿನಲ್ಲಿ ಅದರ ದಿನದ ಹಲವು ಗಂಟೆಗಳು ಹಾರುವುದು, ಕಾಯಿ ಹುಡುಕುವುದು, ಸಿಪ್ಪೆ ಸುಲಿಯುವುದರಲ್ಲೇ ಹೋಗುತ್ತವೆ. ಪಂಜರದಲ್ಲಿ ಬಟ್ಟಲು ತುಂಬಿರುತ್ತದೆ, ಊಟ ಬೇಗ ಮುಗಿಯುತ್ತದೆ. ಆಮೇಲೆ ಅಷ್ಟು ಬಲವಾದ ಕೊಕ್ಕಿಗೆ ಮಾಡಲು ಏನೂ ಇಲ್ಲ. ಎಟುಕುವುದು ತನ್ನದೇ ಮೈ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಎಳೆಯ ಅಮೆಜಾನ್ ಗಿಣಿಗಳಲ್ಲಿ ಕೆಲವನ್ನು ಬರಿಯ ಪಂಜರದಲ್ಲೂ, ಕೆಲವನ್ನು ಹುಡುಕಿ, ಒಡೆದು, ಹತ್ತಿ ಇಳಿದು ಆಹಾರ ಪಡೆಯಬೇಕಾದ ಪಂಜರದಲ್ಲೂ ಇಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೆಲಸವಿದ್ದ ಗಿಣಿಗಳ ಗರಿ ಚೆನ್ನಾಗಿ ಉಳಿಯಿತು. ಬರಿಯ ಪಂಜರದಲ್ಲಿ ಗರಿ ಕಿತ್ತುಕೊಂಡವನ್ನು ಕೆಲಸವಿರುವ ಪಂಜರಕ್ಕೆ ಬಿಟ್ಟಾಗ ಅವುಗಳ ಸ್ಥಿತಿಯೂ ಸುಧಾರಿಸಿತು. ಈ ಎರಡನೆಯ ಭಾಗವೇ ನನಗೆ ಹೆಚ್ಚು ಮುಖ್ಯ. ಶುರುವಾದ ಚಟವನ್ನೂ ತಗ್ಗಿಸಬಹುದು ಎಂಬ ಭರವಸೆ ಅದರಲ್ಲಿದೆ.

ಇದಕ್ಕೆ ದುಬಾರಿ ಸಾಮಾನು ಬೇಡ. ಬಾದಾಮಿಯೊಂದನ್ನು ಕಾಗದದಲ್ಲಿ ಸುತ್ತಿ ತೆಂಗಿನ ಚಿಪ್ಪಿನೊಳಗೆ ತುರುಕಿ ಕೊಡಿ. ಗಿಣಿ ಒಂದು ಕಾಲಲ್ಲಿ ಚಿಪ್ಪನ್ನು ಒತ್ತಿ ಹಿಡಿದು ಕಾಗದವನ್ನು ಚೂರು ಚೂರಾಗಿ ಹರಿಯುತ್ತದೆ; ಬಾದಾಮಿ ಸಿಕ್ಕ ಮೇಲೂ ಹರಿಯುತ್ತಲೇ ಇರುತ್ತದೆ. ಮುಸುಕಿನ ಜೋಳವನ್ನು ಸಿಪ್ಪೆಸಮೇತ ಕೊಡಿ, ಔಷಧ ಹೊಡೆಯದ ಸೀಬೆ ಕೊಂಬೆಯನ್ನು ತೊಗಟೆಸಮೇತ ಕಟ್ಟಿ. ಗ್ರೇ ಗಿಣಿಗೆ ಹೊಸ ವಸ್ತು ಕಂಡರೆ ಭಯ, ಹಾಗಾಗಿ ಮೊದಲು ಕೆಲವು ದಿನ ಪಂಜರದ ಹೊರಗಿಟ್ಟು ಅಭ್ಯಾಸ ಮಾಡಿಸಿ. ಜೊತೆಗೆ ರಾತ್ರಿ 10ರಿಂದ 12 ಗಂಟೆ ಕತ್ತಲೆಯ ನಿದ್ದೆ, ನೀರಿನ ತುಂತುರು ಸ್ನಾನ, ನಿತ್ಯ ಪಂಜರದ ಹೊರಗೆ ಒಂದಿಷ್ಟು ಹೊತ್ತು ಬೇಕು. ಕಿತ್ತಾಗ ಓಡಿಹೋಗಿ ಗದರಬೇಡಿ. ಒಂಟಿ ಹಕ್ಕಿಗೆ ಬೈಗುಳವೂ ಸಹವಾಸವೇ. ಅದು ಆಡುವಾಗ, ತಿನ್ನುವಾಗ ಹತ್ತಿರ ಹೋಗಿ ಮಾತಾಡಿಸಿ.

ಗರಿ ಬಿಟ್ಟು ಚರ್ಮವನ್ನೇ ಕಚ್ಚತೊಡಗಿದರೆ ಮಾತ್ರ ಕಾಯುವಂತಿಲ್ಲ. ಕಾಕಟೂಗಳು ಎದೆಯ ಮಾಂಸದವರೆಗೂ ಕೊರೆದುಕೊಳ್ಳುವುದುಂಟು. ಆಗ ಅದೇ ದಿನ ವೈದ್ಯರ ಬಳಿ ಹೋಗಬೇಕು. ಗಾಯ ಮಾಯುವ ತನಕ ಕುತ್ತಿಗೆಗೆ ಕಾಲರ್ ಕಟ್ಟುತ್ತಾರೆ, ನೋವಿಗೆ ಔಷಧ ಕೊಡುತ್ತಾರೆ, ಕೆಲವೊಮ್ಮೆ ಕ್ಲೊಮಿಪ್ರಮಿನ್‌ನಂಥ ಮನೋರೋಗದ ಔಷಧವನ್ನೂ ಬಳಸುತ್ತಾರೆ. ಕಾಲರ್ ಕೊಕ್ಕನ್ನು ತಡೆಯುತ್ತದೆ, ಕಾರಣವನ್ನಲ್ಲ. ಗರಿ ಕೀಳುವುದಕ್ಕಷ್ಟೇ ಅದನ್ನು ತಿಂಗಳುಗಟ್ಟಲೆ ಕಟ್ಟಿಡುವುದು ಹಿಂಸೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಗರಿ ಮೂಡುವಾಗ ಅದರ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ, ಮುರಿದರೆ ನೆತ್ತರು ಸುರಿಯುತ್ತದೆ. ಅಲ್ಲಿ ನವೆಯೂ ಇರುವುದರಿಂದ ಗಿಣಿ ಮತ್ತೆ ಕೀಳುವುದು ಆ ದಿನಗಳಲ್ಲೇ ಹೆಚ್ಚು. ಮತ್ತೆ ಮತ್ತೆ ಕಿತ್ತರೆ ಗರಿ ಹುಟ್ಟುವ ಚರ್ಮದ ಕುಳಿಯೇ ಸತ್ತುಹೋಗುತ್ತದೆ. ಅಲ್ಲಿ ಇನ್ನೆಂದೂ ಗರಿ ಬಾರದು. ಆದ್ದರಿಂದ ಗುಣವಾಯಿತೇ ಎಂದು ಅಳೆಯಲು ಗರಿಯನ್ನಷ್ಟೇ ನೋಡಬೇಡಿ. ಬೆಳಗ್ಗೆ ಕಾಳು ಹಾಕುವ ಮೊದಲು ಗ್ರಾಂ ತಕ್ಕಡಿಯಲ್ಲಿ ತೂಗಿ ಒಂದು ಪುಸ್ತಕದಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಹಗಲಿನಲ್ಲಿ ಕೊಕ್ಕು ಎಷ್ಟು ಹೊತ್ತು ಚಿಪ್ಪಿನ ಮೇಲಿತ್ತು, ಎಷ್ಟು ಹೊತ್ತು ಎದೆಯ ಮೇಲಿತ್ತು ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಪುಸ್ತಕವನ್ನು ಜೊತೆಗೊಯ್ಯಿರಿ.