ಕೊಲ್ಲದೆ ಗೆಲ್ಲುವ ಮದ್ದು

ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಸುಗ್ಗಿಯ ಕಾಲಕ್ಕೆ ಕುಡುಗೋಲು ತಾಕಿ ಬೆರಳು ಕೊಯ್ಯುವುದು ಹೊಸ ಮಾತಲ್ಲ. ಅಂತಹ ಗಾಯವು ಕೀವುಗಟ್ಟಿದರೆ ಅನೇಕ ವೇಳೆ ಅದಕ್ಕೆ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ರೋಗಾಣುವೇ ಕಾರಣವು. ಒಂದು ಕಾಲಕ್ಕೆ ಪೆನಿಸಿಲಿನ್ನಿಗೆ ಶರಣಾಗುತ್ತಿದ್ದ ಈ ಶತ್ರುವಿನ ಕೆಲವು ಕುಲಗಳು ಇಂದು ಮೆಥಿಸಿಲಿನ್ನನ್ನೂ ಲೆಕ್ಕಿಸುವುದಿಲ್ಲ. 2019ನೆಯ ಇಸವಿಯೊಂದರಲ್ಲಿಯೇ ಔಷಧಕ್ಕೆ ಬಗ್ಗದ ರೋಗಾಣುಗಳಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಮಡಿದರೆಂದು ತಜ್ಞರ ಅಂದಾಜು.

ಇದೇಕೆ ಹೀಗಾಯಿತು? ಮದ್ದು ದುರ್ಬಲ ರೋಗಾಣುಗಳನ್ನು ಕೊಂದು, ಬದುಕಿ ಉಳಿದ ಬಲಿಷ್ಠ ರೋಗಾಣುಗಳಿಗೆ ಬಯಲನ್ನು ತೆರವು ಮಾಡಿಕೊಡುತ್ತದೆ. ಆದುದರಿಂದಲೇ ವಿಜ್ಞಾನಿಗಳು ಕೊಲ್ಲದೆ ಗೆಲ್ಲುವ ಉಪಾಯವನ್ನು ಅರಸುತ್ತಿರುವರು. ಈ ರೋಗಾಣುವು ತನ್ನ ಹೊರಗೋಡೆಯ ಮೇಲೆ ಕೊಂಡಿಗಳಂತಹ ಪ್ರೋಟೀನುಗಳನ್ನು ನೆಟ್ಟುಕೊಂಡಿರುತ್ತದೆ. ನಮ್ಮ ದೇಹವನ್ನು ಕಚ್ಚಿ ಹಿಡಿಯುವುದೂ, ಬಿಳಿಯ ರಕ್ತಕಣಗಳ ಕಾವಲನ್ನು ತಪ್ಪಿಸಿಕೊಳ್ಳುವುದೂ ಇವುಗಳ ಬಲದಿಂದಲೇ. ಇವನ್ನು ಗೋಡೆಗೆ ಬೆಸೆಯುವ ಕಮ್ಮಾರನೇ ಸಾರ್ಟೇಸ್ ಎಂಬ ಕಿಣ್ವ. ಅದು ಪ್ರೋಟೀನಿನ ಬಾಲವನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ, ಉಳಿದ ತುದಿಯನ್ನು ಗೋಡೆಗೆ ಕೂಡಿಸುತ್ತದೆ. 1999ರಲ್ಲಿ ಅಮೇರಿಕೆಯ ಓಲಾಫ್ ಶ್ನೀವಿಂಡ್ ಮತ್ತು ಅವರ ಸಂಗಡಿಗರು ಇದನ್ನು ಕಂಡುಹಿಡಿದರು. ಈ ಕಿಣ್ವವಿಲ್ಲದಂತೆ ಮಾಡಿದ ರೋಗಾಣುಗಳು ಪ್ರಯೋಗಶಾಲೆಯಲ್ಲಿ ಬೆಳೆದವು. ಆದರೆ ಇಲಿಗಳಲ್ಲಿ ರೋಗವನ್ನು ಹಬ್ಬಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡವು. ಗಜೇಂದ್ರಗಡದ ಕೋಟೆಯನ್ನು ಹತ್ತಬಂದ ದಂಡಿನ ಕೈಯಿಂದ ನಿಚ್ಚಣಿಕೆಯನ್ನು ಕಿತ್ತುಕೊಂಡಂತೆ ಇದು. ದಂಡು ಬದುಕಿರುವುದು, ಕೋಟೆ ಮಾತ್ರ ದಕ್ಕದು. ಕೊಲ್ಲದ ಮದ್ದಿನೆದುರು ರೋಗಾಣುವು ಬೇಗನೆ ಬಲಿಯಲಾರದೆಂಬುದೇ ವಿಜ್ಞಾನಿಗಳ ಆಶೆ.

ಆದರೆ ಆಶೆಯನ್ನು ಔಷಧವೆಂದು ವಾಚಕರು ಭಾವಿಸಕೂಡದು. ಸಾರ್ಟೇಸನ್ನು ತಡೆಯುವ ಪದಾರ್ಥಗಳು ಅನೇಕ ದೊರೆತಿದ್ದರೂ ಅವುಗಳಲ್ಲಿ ಒಂದಾದರೂ ಇನ್ನೂ ರೋಗಿಯ ಕೈಗೆ ಬಂದಿಲ್ಲ. ಅಲ್ಲಿಯವರೆಗೆ ಇದ್ದ ಮದ್ದನ್ನು ಕಾಯ್ದುಕೊಳ್ಳುವುದು ನಮ್ಮೆಲ್ಲರ ಹೊಣೆ. ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂದು ಕೇಂದ್ರ ಸರಕಾರವು 2016ರಲ್ಲಿಯೇ ಸಾರಿತು. ಸಾರಿದರೆ ಸಾಲದು, ನಡೆಯಬೇಕು. ನೆಗಡಿಗೆ ಇಂತಹ ಗುಳಿಗೆಯನ್ನು ಕೇಳುವವನೂ, ಕೇಳಿದೊಡನೆ ಕೊಡುವ ಅಂಗಡಿಕಾರನೂ ಊರಿನ ಆಯುಧವನ್ನು ಮೊಂಡು ಮಾಡುವವರೇ. ಇನ್ನು ಸರಕಾರಕ್ಕೊಂದು ಮಾತು: ಕೀವನ್ನು ಪರೀಕ್ಷಿಸಿ, ಯಾವ ರೋಗಾಣು ಯಾವ ಮದ್ದಿಗೆ ಬಗ್ಗುವುದೆಂದು ತಿಳಿಸುವ ಅನುಕೂಲವು ಹಳ್ಳಿಯ ಬಡ ರೋಗಿಗೂ ಸುಲಭವಾಗಿ ದೊರೆಯಬೇಕು. ಕುರುಡು ಬಾಣವು ಶತ್ರುವನ್ನು ಎಚ್ಚರಿಸುವುದೇ ಹೊರತು ಕೆಡವುವುದಿಲ್ಲ.